ಬಾರ್ ಕೌಂಟರ್ ಬಾಗಿಲ ಹತ್ತಿರ: ಮೈಸೂರಿನ ಹಳೇ ಮನೆಯೊಳಗೊಂದು ಇಟಾಲಿಯನ್ ರೆಸ್ಟೋರೆಂಟ್

ಇಟಾಲಿಯನ್ ರೆಸ್ಟೋರೆಂಟ್ ಮಾಡಿಕೊಡಿ ಅಂತ ಬರುವವರ ಫೋನಿನಲ್ಲಿ ಸಾಮಾನ್ಯವಾಗಿ ಅವೇ ಫೋಟೋ ಇರುತ್ತವೆ. ಕೆಂಪು ಬಿಳಿ ಚೌಕಳಿ ಮೇಜುಬಟ್ಟೆ, ಗೋಡೆ ತುಂಬ ಕೊಲೋಸಿಯಂ, ಮೂಲೆಯಲ್ಲೊಂದು ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು. ವೊಂಟಿಕೊಪ್ಪಲಿನ ಹಳೇ ಮನೆಯೊಂದನ್ನು ರೆಸ್ಟೋರೆಂಟ್ ಮತ್ತು ಬಾರ್ ಮಾಡಬೇಕು ಅಂತ ನನ್ನ ಹತ್ತಿರ ಬಂದ ಗಂಡ ಹೆಂಡತಿ ತೋರಿಸಿದ್ದೂ ಅದನ್ನೇ. ನಾನು ಅವರನ್ನು ಕೇಳಿದ್ದು ಬೇರೆ: ನಿಮ್ಮಮ್ಮ ಇಲ್ಲಿಗೆ ಊಟಕ್ಕೆ ಬರ್ತಾರಾ?

ನಮ್ಮ ಕಡೆ ಬಾರ್ ಅಂಡ್ ರೆಸ್ಟೋರೆಂಟ್ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಕಪ್ಪು ಗಾಜು, ಮಬ್ಬು ಬೆಳಕು, ಒಳಗೆ ಯಾರು ಕೂತಿದ್ದಾರೋ ತಿಳಿಯದ ಕ್ಯಾಬಿನ್. ಫ್ಯಾಮಿಲಿಗೆ ಮೇಲಿನ ಮಹಡಿ, ಅದಕ್ಕೆ ಬೇರೆ ಮೆಟ್ಟಿಲು. ಇಟಲಿಯ ಊರುಗಳಲ್ಲಿ ಇದು ಪೂರ್ತಿ ಉಲ್ಟಾ. ಬೆಳಗ್ಗೆ ಕೆಲಸಕ್ಕೆ ಹೋಗುವವರು ನಿಂತುಕೊಂಡೇ ಎಸ್‌ಪ್ರೆಸೊ ಕುಡಿದು ಹೋಗುವ ಕೌಂಟರಿನಲ್ಲೇ, ಸಂಜೆ ಊಟಕ್ಕೆ ಮುಂಚೆ ಕಂಪಾರಿಯೋ ವರ್ಮತ್ತೋ ಅನ್ನುವ ಮದ್ಯದ ಒಂದು ಗ್ಲಾಸ್ ಹಿಡಿದುಕೊಂಡು, ಪಕ್ಕದಲ್ಲಿ ನಾಲ್ಕು ಆಲಿವ್ ಇಟ್ಟುಕೊಂಡು ಅದೇ ಜನ ಮಾತಾಡ್ತಾ ನಿಂತಿರುತ್ತಾರೆ. ಬಾಗಿಲು ತೆರೆದೇ ಇರುತ್ತೆ. ಮುಚ್ಚುಮರೆ ಇಲ್ಲ. ಇಟಲಿಯಿಂದ ತರಬೇಕಾದದ್ದು ಏನಾದರೂ ಇದ್ದರೆ ಅದು ಇದೇ ಅಂತ ನನ್ನ ಅಭಿಪ್ರಾಯ. ಮಾಲೀಕರ ತಾಯಿಯೂ ಇದನ್ನೇ ಅವರ ಮಾತಿನಲ್ಲಿ ಹೇಳಿದರು: "ಒಳಗೆ ಯಾರ್ಯಾರು ಕೂತಿದ್ದಾರೆ ಅಂತ ರಸ್ತೆಯಿಂದಲೇ ಕಾಣ್ಬೇಕಮ್ಮ. ಕಂಡರೆ ನಾನೂ ಬರ್ತೀನಿ."

ಹಾಗಾಗಿ ಬಾರ್ ಕೌಂಟರ್ ಹಿಂದಿನ ರೂಮಿಗೆ ಹೋಗಲಿಲ್ಲ. ಮುಂದಿನ ಹಜಾರಕ್ಕೆ, ಬೀದಿ ಕಡೆಯ ದೊಡ್ಡ ಕಿಟಕಿ ಪಕ್ಕಕ್ಕೇ ಬಂತು. ಅಬಕಾರಿ ಲೈಸೆನ್ಸು ಮಾಲೀಕರ ತಲೆನೋವು. ನನಗೆ ಅದರಿಂದ ಆದ ಪರಿಣಾಮ ಇಷ್ಟೇ: ನಕ್ಷೆ ಮೊದಲೇ ಗಟ್ಟಿ ಮಾಡಬೇಕಾಯ್ತು, ಆಮೇಲೆ ಕೌಂಟರ್ ಆ ಕಡೆ ಈ ಕಡೆ ಸರಿಸುವ ಮಾತಿಲ್ಲ.

ಕೌಂಟರ್ ಅಳತೆಯಲ್ಲಿ ಕಲಾವಿದರಾಗೋದು ಬೇಡ. ಎತ್ತರ 42 ಇಂಚು, ಸ್ಟೂಲ್ 30 ಇಂಚು. ನಡುವೆ ಉಳಿಯುವ 12 ಇಂಚಿನಲ್ಲಿ ತೊಡೆ ಆರಾಮಾಗಿ ಹಿಡಿಯುತ್ತೆ. ಕಾಲಿಡಲು ನೆಲದಿಂದ ಎಂಟು ಇಂಚು ಮೇಲೆ ಒಂದು ಹಿತ್ತಾಳೆ ಪೈಪ್. ಅದಿಲ್ಲದಿದ್ದರೆ ಕಾಲು ಜೋತು ಬಿದ್ದು ಅರ್ಧ ಗಂಟೆಗೇ ಎದ್ದು ಹೋಗ್ತಾರೆ. ಒಳಗಡೆ ಕೆಲಸ ಮಾಡುವ ಹುಡುಗನಿಗೆ ಮುಂದಿನ ಕೌಂಟರಿಗೂ ಹಿಂದಿನ ಶೆಲ್ಫಿಗೂ ನಡುವೆ ಮೂರಡಿ ಬೇಕು. ಐಸ್ ಡಬ್ಬ, ಸಿಂಕ್, ಜಾಸ್ತಿ ಓಡುವ ಬಾಟಲಿ, ಇಷ್ಟು ಅವನು ನಿಂತ ಜಾಗದಿಂದ ಕೈಗೆ ಸಿಗಬೇಕು. ನೆಲದಲ್ಲಿ ನೀರು ಹೋಗಲು ಜಾಲರಿ. ಕಂಪಾರಿ, ವರ್ಮತ್, ಜಿನ್ ಸಮ ಸಮ ಹಾಕಿ ಮಾಡುವ ನೆಗ್ರೋನಿ ಕಾಕ್‌ಟೇಲಿಗೆ ಕೌಶಲಕ್ಕಿಂತ ಒಳ್ಳೇ ಐಸ್ ಮುಖ್ಯ, ಆದ್ದರಿಂದ ಐಸ್ ಮೆಷಿನ್ನಿಗೆ ಜಾಗ, ಡ್ರೈನ್, ಗಾಳಿ ಮೂರೂ ಮೊದಲೇ ಬಿಟ್ಟೆ. ವರ್ಮತ್ ವೈನ್ ಜಾತಿಯದು, ಬಾಟಲಿ ತೆಗೆದ ಮೇಲೆ ಫ್ರಿಜ್ಜಿಗೆ ಹೋಗಬೇಕು. ಅದಕ್ಕೇ ಅಂತ ಕೌಂಟರ್ ಕೆಳಗೆ ಒಂದು ಚಿಲ್ಲರ್.

ಕಲ್ಲಿನ ವಿಷಯಕ್ಕೆ ಸಣ್ಣ ಜಗಳವೇ ಆಯ್ತು. ಮಾಲೀಕರಿಗೆ ಇಟಲಿಯ ಕರಾರಾ ಬಿಳಿ ಮಾರ್ಬಲ್ಲೇ ಬೇಕು. ಲಲಿತ ಮಹಲ್‌ನ ಮೆಟ್ಟಿಲು ಇಟಾಲಿಯನ್ ಮಾರ್ಬಲ್ ಅಲ್ವಾ, ಅದಕ್ಕೆ ಹತ್ತಿರ ಹತ್ತಿರ ನೂರು ವರ್ಷವಾದರೂ ಏನಾಗಿದೆ ಅಂದರು. ಮೆಟ್ಟಿಲ ಮೇಲೆ ಯಾರೂ ನಿಂಬೆಹಣ್ಣು ಹಿಂಡಲ್ಲ ಸಾರ್ ಅಂದೆ. ಮಾರ್ಬಲ್ ಅಂಗಡಿಯಿಂದ ಒಂದು ತುಂಡು ತಂದು, ಅವರ ಎದುರಿಗೇ ಅರ್ಧ ಹೋಳು ನಿಂಬೆಹಣ್ಣನ್ನು ಅದರ ಮೇಲೆ ಕವುಚಿ ಇಟ್ಟು ರಾತ್ರಿ ಹಾಗೇ ಬಿಟ್ಟೆವು. ಬೆಳಗ್ಗೆ ಹೋಳು ಎತ್ತಿದರೆ ಹೊಳಪು ಸತ್ತ ಒಂದು ದುಂಡು ಗುರುತು. ಬಟ್ಟೆಯಲ್ಲಿ ಒರೆಸಿದರೂ ಹೋಗಲ್ಲ, ಬೆರಳಾಡಿಸಿದರೆ ತರಿತರಿ. ಅದು ಕಲೆ ಅಲ್ಲ, ಹುಳಿ ಕಲ್ಲನ್ನೇ ತಿಂದಿರೋದು. ಮಾರ್ಬಲ್ ಮೂಲತಃ ಕ್ಯಾಲ್ಸಿಯಂ ಕಾರ್ಬೋನೇಟ್. ನಿಂಬೆ, ವೈನ್, ಟೊಮ್ಯಾಟೊ ಮೂರೂ ಅದಕ್ಕೆ ಶತ್ರು. ಇಟಾಲಿಯನ್ ಬಾರಿನಲ್ಲಿ ಇಡೀ ದಿನ ನಡೆಯೋದು ಈ ಮೂರರದ್ದೇ ಓಡಾಟ. ಕಡೆಗೆ ಪಕ್ಕದ ಚಾಮರಾಜನಗರದ ಕಪ್ಪು ಗ್ರಾನೈಟ್ ಹಾಕಿದೆವು. ಕನ್ನಡಿ ಪಾಲಿಶ್ ಬೇಡ, ಬೆರಳಚ್ಚು ಕಾಣುತ್ತೆ ಅಂತ ಚರ್ಮದ ಹಾಗೆ ಮಂದ ಹೊಳಪಿನ ಲೆದರ್ ಫಿನಿಶ್. ಬಿಳಿ ಮಾರ್ಬಲ್ ಆಸೆ ತೀರಿಸಲು ಪುಟ್ಟ ದುಂಡು ಮೇಜುಗಳಿವೆ, ಆದರೆ ಅವು ಕಾಫಿಗೆ ಮಾತ್ರ.

ಕೌಂಟರ್ ಮುಂಭಾಗಕ್ಕೆ ಮೈಸೂರಿನ ಇನ್‌ಲೇ ಕೆಲಸ. ಬೀಟೆ ಮರ ಎಷ್ಟು ದುಬಾರಿ ಅಂತ ಗೊತ್ತಲ್ಲ, ಅದಕ್ಕೆ ಪೂರ್ತಿ ಹಲಗೆ ಅಲ್ಲ, ಒಂದು ಗೇಣಗಲದ ಪಟ್ಟಿ ಅಷ್ಟೇ. ಕುಶಲಕರ್ಮಿಗೆ ಆನೆ, ಅಂಬಾರಿ, ನವಿಲು ಕೈಗೆ ಕೂತುಬಿಟ್ಟಿದೆ. ನಾನು ಕೇಳಿದ್ದು ಬರೀ ಅಂಜೂರದ ಎಲೆ. ಶ್ರೀರಂಗಪಟ್ಟಣದ ಗಂಜಾಂ ಅಂಜೂರ ನಮಗೆ ಗೊತ್ತೇ ಇದೆ, ಇಟಲಿಯಲ್ಲೂ ಅಂಜೂರ ಮನೆ ಹಿತ್ತಲ ಹಣ್ಣು. ಎಲೆಯ ಒಂದೊಂದು ಬೆರಳನ್ನೂ ಬೇರೆ ಬೇರೆ ಬಣ್ಣದ ಮರದಲ್ಲಿ ಕತ್ತರಿಸಿ, ಬೀಟೆಯಲ್ಲಿ ಅಷ್ಟೇ ಆಳ ಕೊರೆದು ಕೂರಿಸಿದರು. ಬಣ್ಣ ಬಳಿದದ್ದಲ್ಲ, ಎಲ್ಲ ಮರದ ಸ್ವಂತ ಬಣ್ಣ. ಅದನ್ನು ನೋಡಲು ಬಗ್ಗಿ ನಿಲ್ಲುವವರೂ ಇದ್ದಾರೆ.

ನೆಲವನ್ನು ಕೀಳಲು ನಾನು ಬಿಡಲೇ ಇಲ್ಲ. ಹಜಾರದಲ್ಲಿ ರೆಡ್ ಆಕ್ಸೈಡ್, ರೂಮುಗಳಲ್ಲಿ ಮೊಸಾಯಿಕ್. ವೆನಿಸ್ ಕಡೆಯ ಕೆಲಸಗಾರರು ಮಾರ್ಬಲ್ ಚೂರುಗಳನ್ನು ಗಾರೆಗೆ ಹಾಕಿ, ಉಜ್ಜಿ ನಯ ಮಾಡುತ್ತಿದ್ದ ನೆಲದ ಮೊಮ್ಮಗನೇ ನಮ್ಮ ಮೊಸಾಯಿಕ್. ಈಗ ಇದೇ ಡಿಸೈನಿನ ಟೈಲ್ಸ್ ದುಬಾರಿ ಶೋರೂಮಿನಲ್ಲಿ ಮಾರ್ತಾರೆ! ಬಿರುಕು ಬಿಟ್ಟ ಕಡೆ ಬಿಳಿ ಸಿಮೆಂಟಿಗೆ ಬಣ್ಣ ಬೆರೆಸಿ, ಮಾರ್ಬಲ್ ಚಿಪ್ಸ್ ಹಾಕಿ ತೇಪೆ ಹಾಕಿಸಿ, ನೀರು ನಿಲ್ಲಿಸಿ ಕ್ಯೂರಿಂಗ್ ಆದ ಮೇಲೆ ಮೆಷಿನ್ನಿನಲ್ಲಿ ಒರಟು ಕಲ್ಲಿನಿಂದ ನಯ ಕಲ್ಲಿನವರೆಗೆ ಉಜ್ಜಿಸಿದೆವು. ತೇಪೆ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದಲ್ಲ, ಹೊಂದಬೇಕಾಗಿಯೂ ಇಲ್ಲ.

ಗೋಡೆಗೆ ಸುಣ್ಣದ ಗಾರೆ. ಹಳೇ ಇಟ್ಟಿಗೆ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇರಲ್ಲ, ಮಳೆಗಾಲ ಮುಗಿಯುವಷ್ಟರಲ್ಲಿ ಪೇಂಟ್ ಉಬ್ಬಿ ಉದುರುತ್ತೆ. ವೆನಿಸ್‌ನಲ್ಲೂ ಸುಣ್ಣಕ್ಕೆ ಮಾರ್ಬಲ್ ಪುಡಿ ಸೇರಿಸಿ ಉಕ್ಕಿನ ಕರಣೆಯಲ್ಲಿ ತೀಡಿ ತೀಡಿ ಹೊಳಪು ತರೋದು ಹಳೇ ಪದ್ಧತಿ. ಫೋನಿನಲ್ಲಿ ಅದರ ವಿಡಿಯೋ ತೋರಿಸಿದರೆ ನಮ್ಮ ಮೇಸ್ತ್ರಿ ಅರ್ಧಕ್ಕೇ ನಿಲ್ಲಿಸಿ, "ಮೇಡಂ, ನಮ್ಮಪ್ಪ ಇದಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕ್ತಿದ್ದರು, ಇವರು ಹಾಕಲ್ವಾ?" ಅಂದರು. ಆಮೇಲೆ ನಾನು ಹೇಳಿಕೊಡುವ ಪ್ರಮೇಯ ಬರಲಿಲ್ಲ.

ಪಿಜ್ಜಾ ಒಲೆ ನೋಡಲು ಚೆಂದ, ಆದರೆ ಅದು ಇಂಟೀರಿಯರ್ ಅಲ್ಲ, ಸಿವಿಲ್ ಕೆಲಸ. ನಾಪೊಲಿ ರೀತಿಯ ಪಿಜ್ಜಾ 430 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಲ್ಲಿ ಒಂದೂವರೆ ನಿಮಿಷದೊಳಗೆ ಬೇಯಬೇಕು. ಅಷ್ಟು ಬಿಸಿ ಹಿಡಿದಿಡುವ ಇಟ್ಟಿಗೆ ಗುಮ್ಮಟ ಒಂದು ಟನ್ನಿಗೂ ಮೀರಿ ತೂಗುತ್ತೆ. ಅದಕ್ಕೆ ಬೇರೆ ತಳಪಾಯವನ್ನೇ ಹಾಕಿದೆವು. ಬೆಂಕಿ ಇಟ್ಟಿಗೆ ಮೇಲೆ ಸೆರಾಮಿಕ್ ಹೊದಿಕೆ, ಅದರ ಮೇಲೆ ಬಿಸಿ ಹೊರಹೋಗದಂತೆ ತಡೆಯುವ ವರ್ಮಿಕ್ಯುಲೈಟ್ ಅನ್ನೋ ಹಗುರ ಖನಿಜ, ಆಮೇಲೆ ಗಾರೆ. ಹೊಸ ಒಲೆಗೆ ಮೊದಲ ದಿನವೇ ಜೋರು ಉರಿ ಹಾಕಬಾರದು, ಒಳಗಿನ ನೀರು ಆವಿಯಾಗಿ ಬಿರುಕು ಬಿಡುತ್ತೆ. ಸಣ್ಣ ಉರಿಯಿಂದ ದಿನಾ ಸ್ವಲ್ಪ ಸ್ವಲ್ಪ ಏರಿಸಬೇಕು. ಹೊಗೆ ಕೊಳವೆ ಅಕ್ಕಪಕ್ಕದ ಮಹಡಿಗಿಂತ ಮೇಲೆ ಹೋಗಬೇಕು, ಇಲ್ಲದಿದ್ದರೆ ಒಣಗಿ ಹಾಕಿದ ಬಟ್ಟೆ ಹಿಡಿದುಕೊಂಡು ನೆರೆಮನೆಯವರು ಬರ್ತಾರೆ. ಇನ್ನೊಂದು ವಿಷಯ ಯಾರೂ ಹೇಳಲ್ಲ. ಅಡುಗೆಮನೆ ಎಕ್ಸಾಸ್ಟ್ ಎಷ್ಟು ಗಾಳಿ ಎಳೆಯುತ್ತೋ ಅಷ್ಟು ಹೊಸ ಗಾಳಿ ಒಳಗೆ ಕೊಡುವ ಫ್ಯಾನ್ ಬೇಕು. ಇಲ್ಲದಿದ್ದರೆ ಅದು ಹಾಲಿನ ಎಸಿ ಗಾಳಿಯನ್ನೇ ಎಳೆದು ಹೊರಗೆ ಬಿಸಾಕುತ್ತೆ. ಏಪ್ರಿಲ್‌ನಲ್ಲಿ ಕರೆಂಟ್ ಬಿಲ್ ನೋಡಿದಾಗ ಗೊತ್ತಾಗುತ್ತೆ.

ಬೆಳಕಿನಲ್ಲಿ ನಾನು ಕಾಸು ಉಳಿಸಲ್ಲ. ಎಲ್ಲ ಬಲ್ಬೂ 2700 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು, ಬಣ್ಣ ತೋರಿಸುವ ಸೂಚ್ಯಂಕ 90ಕ್ಕಿಂತ ಮೇಲೆ. ಅಗ್ಗದ ಎಲ್ಇಡಿ ಕೆಳಗೆ ಟೊಮ್ಯಾಟೊ ಸಾಸ್ ಕಂದು ಬಣ್ಣಕ್ಕೆ ತಿರುಗಿ ನಿನ್ನೆಯ ಸಾರಿನ ಹಾಗೆ ಕಾಣುತ್ತೆ. ತಲೆ ಮೇಲಿನಿಂದ ಮಾತ್ರ ಬೆಳಕು ಬಿದ್ದರೆ ಎದುರು ಕೂತವರ ಕಣ್ಣ ಕೆಳಗೆ ನೆರಳು, ಎಲ್ಲರೂ ನಿದ್ದೆಗೆಟ್ಟವರೇ. ಗೋಡೆಯಲ್ಲಿ ಮುಖದ ಎತ್ತರಕ್ಕೆ ದೀಪ ಹಾಕಿದರೆ ಆ ಸಮಸ್ಯೆ ಇಲ್ಲ. ಡಿಮ್ಮರ್ ಹಾಕಿ ಬೆಳಕು ತಗ್ಗಿಸಿ ಫೋನ್ ಕ್ಯಾಮೆರಾ ಹಿಡಿದು ನೋಡಿ, ಪರದೆ ಮೇಲೆ ಪಟ್ಟೆ ಓಡಿದರೆ ಎಲ್ಇಡಿಗೆ ಕರೆಂಟ್ ಕೊಡುವ ಆ ಡ್ರೈವರ್ ಡಬ್ಬಿ ವಾಪಸ್ ಕಳಿಸಿ. ಒಬ್ಬ ಸಪ್ಲೈಯರ್ ಇಡೀ ಲಾಟ್ ಅಂಥದ್ದೇ ಕಳಿಸಿ, ಕಣ್ಣಿಗೆ ಕಾಣಲ್ವಲ್ಲ ಮೇಡಂ ಅಂತ ವಾದ ಮಾಡಿದ್ದ. ಬಾರಿನಲ್ಲಿ ಬೆಳಕು ಸಂಜೆ ಮೇಲೆ ತಗ್ಗುತ್ತೆ ನಿಜ, ಆದರೆ ಬೀದಿಯಿಂದ ಒಳಗಿನ ಮುಖ ಗುರುತು ಸಿಗುವಷ್ಟು ಇದ್ದೇ ಇರಬೇಕು. ಅಮ್ಮನಿಗೆ ಮಾತು ಕೊಟ್ಟಾಗಿದೆಯಲ್ಲ.

ಕಲ್ಲು, ಮೊಸಾಯಿಕ್, ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಕಿದ ಎತ್ತರದ ಮದ್ರಾಸ್ ತಾರಸಿ, ಇಷ್ಟು ಒಟ್ಟಿಗಿದ್ದರೆ ಶಬ್ದ ಕಲ್ಯಾಣ ಮಂಟಪದ್ದು. ಖಾಲಿ ಹಾಲಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಉತ್ತರ ಬರುತ್ತಿತ್ತು. ತೇಗದ ತೊಲೆಗಳ ನಡುವೆ ಶಬ್ದ ಹೀರುವ ವುಡ್ ವೂಲ್ (ಮರದ ಎಳೆ) ಬೋರ್ಡ್ ಕೂರಿಸಿದೆವು, ಪ್ರತಿ ಮೇಜಿನ ತಳಕ್ಕೂ ದಪ್ಪ ಫೆಲ್ಟ್ ಅಂಟಿಸಿದೆವು. ಯಾರ ಕಣ್ಣಿಗೂ ಬೀಳಲ್ಲ, ಆದರೆ ಪಕ್ಕದ ಮೇಜಿನ ಸಂಸಾರದ ಗುಟ್ಟು ಕೇಳಿಸೋದು ನಿಂತಿದೆ.

ಕೈತೊಳೆಯುವ ಬೇಸಿನ್ ಟಾಯ್ಲೆಟ್ ಒಳಗೆ ಬೇಡ, ಹೊರಗೇ ಇರಲಿ ಅಂತ ಹಟ ಹಿಡಿದೆ. ಫೋರ್ಕಿನಲ್ಲಿ ತಿಂದರೂ ನಮ್ಮವರಿಗೆ ಕೈ ತೊಳೆಯದೆ ಊಟ ಮುಗಿಯಲ್ಲ.

ಕಡೆಗೆ ಉಳಿದದ್ದು ವೆಸ್ಪಾ. ಬಾಗಿಲ ಎದುರು ಹಳೇ ವೆಸ್ಪಾ ಸ್ಕೂಟರ್ ನಿಲ್ಲಿಸಬೇಕು, ಜನ ಫೋಟೋ ತೆಗೀತಾರೆ ಅಂತ ಮಾಲೀಕರ ಆಸೆ. ಈ ಮನೆಯ ಪ್ಲಿಂತ್, ಅಂದರೆ ನೆಲಗಟ್ಟು, ಎರಡಡಿ ಎತ್ತರ, ಮೆಟ್ಟಿಲು ಕಡಿದು. ವೀಲ್‌ಚೇರ್ ಆರಾಮಾಗಿ ಹತ್ತಬೇಕಾದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಅಂದರೆ ಒಟ್ಟು ಇಪ್ಪತ್ತನಾಲ್ಕು ಅಡಿ ರ‍್ಯಾಂಪ್, ನಡುವೆ ತಿರುಗಲು ಜಾಗ ಬೇರೆ. ಅಷ್ಟು ಉದ್ದಕ್ಕೆ ಕಾಂಪೌಂಡ್ ಪಕ್ಕದಲ್ಲಿದ್ದದ್ದು ವೆಸ್ಪಾ ಜಾಗ ಒಂದೇ. ಅವರ ತಾಯಿಗೆ ಮಂಡಿ ನೋವು. ಚರ್ಚೆ ಜಾಸ್ತಿ ಹೊತ್ತು ನಡೆಯಲಿಲ್ಲ, ಸ್ಕೂಟರ್ ಮನೆ ಶೆಡ್ಡಿಗೆ ಹೋಯ್ತು.