148ಕ್ಕೆ ಫೇಲಾದ ಮೇಲೆ ನಾನು ಎಫ್‌ಎಂಜಿಇ ಪಾಸಾದದ್ದು

ಎಫ್‌ಎಂಜಿಇ ಅಂದರೆ ವಿದೇಶದಲ್ಲಿ ಮೆಡಿಕಲ್ ಓದಿದವರು ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆ, 300ಕ್ಕೆ 150 ಬಂದರೆ ಪಾಸು. 148 ಬಂದು ಫೇಲಾದವನ ಸಂಕಟ 90 ಬಂದವನಿಗೆ ಗೊತ್ತಾಗುವುದಿಲ್ಲ. ಅದು ನನ್ನ ನಾಲ್ಕನೇ ಸಲ. ನೆಗೆಟಿವ್ ಮಾರ್ಕ್ಸ್ ಇಲ್ಲದ ಪರೀಕ್ಷೆಯಲ್ಲಿ ಟೈಮ್ ಸಾಲದೆ ಏಳೆಂಟು ಪ್ರಶ್ನೆ ಖಾಲಿ ಬಿಟ್ಟು ಬಂದಿದ್ದೆ! ಕಣ್ಣು ಮುಚ್ಚಿ ಒತ್ತಿದ್ದರೂ ಎರಡು ಸಿಗುತ್ತಿತ್ತೇನೋ.

ರಷ್ಯಾದಲ್ಲಿ ಮೆಡಿಕಲ್ ಮುಗಿಸಿ ಬಂದದ್ದು 2016ರಲ್ಲಿ. ಎಲ್ಲರ ಹಾಗೆ ನಾನೂ ದೆಹಲಿಯ ಗೌತಮ ನಗರಕ್ಕೆ ಹೋದೆ. ಕೋಚಿಂಗ್‌ಗೆ 70 ಸಾವಿರ. ಕಿಟಕಿ ಇಲ್ಲದ ಪಿಜಿ ರೂಮಿಗೆ ತಿಂಗಳಿಗೆ 10-11 ಸಾವಿರ. ಕ್ಲಾಸಿನಲ್ಲಿ ಮುನ್ನೂರು ಜನ, ಹಿಂದಿನ ಬೆಂಚಿಗೆ ಬೋರ್ಡ್ ಕಾಣುತ್ತಿರಲಿಲ್ಲ. ಬಂದದ್ದು 112. ಆಮೇಲೆ ಬೆಂಗಳೂರಿನಲ್ಲಿ ಕ್ರ್ಯಾಶ್ ಕೋರ್ಸ್, ಪೆನ್‌ಡ್ರೈವ್ ವಿಡಿಯೋ, ಪರೀಕ್ಷೆ ಫೀಸು ಎಲ್ಲಾ ಸೇರಿ ನಾಲ್ಕು ಸಲಕ್ಕೆ ನಾಲ್ಕು ಲಕ್ಷದ ಹತ್ತಿರ ಹೋಯಿತು. ಅಪ್ಪನ ಎರಡು ವರ್ಷದ ಮೆಣಸಿನಕಾಯಿ ದುಡ್ಡು ಅದು. ಊರಲ್ಲಿ ಬಸ್ ಇಳಿದರೆ ಸಾಕು, "ಏನ್ರೀ ಡಾಕ್ಟ್ರೇ, ಬೋರ್ಡ್ ಯಾವಾಗ ಹಾಕ್ತೀರಿ?" ಅಂತ ಕೇಳುತ್ತಿದ್ದರು.

ಐದನೇ ಸಲ ಲೆಕ್ಕ ಬದಲಿಸಿದೆ. ಮೆಡಿಸಿನ್, ಸರ್ಜರಿ ಎರಡೂ ಸೇರಿ 65 ಮಾರ್ಕ್ಸ್. ಅದಕ್ಕೇ ನಾವು ವರ್ಷವೆಲ್ಲಾ ಸಾಯುತ್ತೇವೆ. ಪಿಎಸ್‌ಎಂ, ಅಂದರೆ ಲಸಿಕೆ, ಸಾರ್ವಜನಿಕ ಆರೋಗ್ಯದ ವಿಷಯ, 30, ಕಣ್ಣು 15, ಇಎನ್‌ಟಿ 15, ಫೋರೆನ್ಸಿಕ್ 10. ಇಲ್ಲೇ 70 ಬಂತು. ಮೇಲೆ ಓಬಿಜಿ (ಹೆರಿಗೆ, ಸ್ತ್ರೀರೋಗ) 30. ಮೊದಲ ಮೂರು ತಿಂಗಳು ಈ ಐದನ್ನು ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ. ಬಯೋಕೆಮಿಸ್ಟ್ರಿಯ 17 ಮಾರ್ಕ್ಸ್‌ಗೆ ಪೂರ್ತಿ ಕೈಮುಗಿದೆ. ನನ್ನ ಹಳೇ ರೂಮ್‌ಮೇಟ್‌ಗಳು ನಕ್ಕರು. "ಮೆಡಿಸಿನ್ ಓದದೆ ಡಾಕ್ಟರ್ ಆಗ್ತಾನಂತೆ" ಅಂತ ಗ್ರೂಪಿನಲ್ಲಿ ಹಾಕಿದರು. ಅವರಲ್ಲಿ ಒಬ್ಬ ಈಗ ಫೋನ್ ಮಾಡಿ ನೋಟ್ಸ್ ಕೇಳುತ್ತಾನೆ.

ಪಿಎಸ್‌ಎಂ ನನಗೆ ತಲೆಗೇ ಹತ್ತುತ್ತಿರಲಿಲ್ಲ. ಅದಕ್ಕೆ ಪ್ರತಿ ಗುರುವಾರ, ಲಸಿಕೆ ದಿನ, ನಮ್ಮೂರ ಸಬ್‌ಸೆಂಟರಿಗೆ ಹೋಗಿ ಕೂತೆ. ಲೈಸೆನ್ಸ್ ಇಲ್ಲವಲ್ಲ, ಸೂಜಿ ಮುಟ್ಟಲಿಲ್ಲ. ಸಿಸ್ಟರ್‌ಗೆ ರಿಜಿಸ್ಟರ್ ಬರೆದುಕೊಟ್ಟೆ, ಅಷ್ಟೇ. ಒಂದು ದಿನ ಸಿಸ್ಟರ್ ಬಿಸಿಜಿ ವಯಲ್ ಒಡೆದ ಟೈಮನ್ನು ಅದರ ಮೇಲೇ ಬರೆದರು. ನಾಲ್ಕು ಗಂಟೆ ಆದ ಮೇಲೆ ಅರ್ಧ ಉಳಿದಿದ್ದರೂ ಎಸೆದರು. ಪೋಲಿಯೋ ವಯಲ್ ಮಾತ್ರ ವಾಪಸ್ ಡಬ್ಬಿಗೆ ಹೋಯಿತು, ಅದಕ್ಕೆ 28 ದಿನ. ಬಿಸಿ ತಾಗಿ ಲಸಿಕೆ ಕೆಟ್ಟಿದೆಯೇ ಅಂತ ಬಣ್ಣದಲ್ಲಿ ತೋರಿಸುವ ವಿವಿಎಂ ಚೌಕ ನೋಡದೆ ಅವರು ಯಾವ ಬಾಟಲಿಯನ್ನೂ ತೆರೆಯುತ್ತಿರಲಿಲ್ಲ. ದೆಹಲಿಯಲ್ಲಿ ಮೂರು ಸಲ ಓದಿ ಮರೆತದ್ದು ಒಂದೇ ಮಧ್ಯಾಹ್ನ ಕೂತುಬಿಟ್ಟಿತು. ಪರೀಕ್ಷೆಯಲ್ಲಿ ಇದರದೇ ಎರಡು ಪ್ರಶ್ನೆ ಬಂದವು ಅಂತ ನೆನಪು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ನನ್ನ ದನಿಯಲ್ಲೇ ನೋಟ್ಸ್ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದೆ. ಹುಬ್ಬಳ್ಳಿ ತಲುಪುವಷ್ಟರಲ್ಲಿ ಗೊರಕೆ. ಮಾವನ ಮೆಡಿಕಲ್ ಶಾಪಿನಲ್ಲಿ ರಾತ್ರಿ ಕೂತದ್ದು ಫಾರ್ಮಕಾಲಜಿಗೆ ಸ್ವಲ್ಪ ಉಪಯೋಗವಾಯಿತು, ಬ್ರ್ಯಾಂಡ್ ಹೆಸರೇ ಜಾಸ್ತಿ ಕಲಿತೆ.

ಪರೀಕ್ಷೆಯ ಎರಡು ಭಾಗಗಳಲ್ಲಿ ಒಂದೊಂದರಲ್ಲೂ ಎರಡೂವರೆ ಗಂಟೆಯಲ್ಲಿ 150 ಪ್ರಶ್ನೆಯನ್ನು ಯಾವ ಕ್ರಮದಲ್ಲಿ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ತಂಗಿಯ ಮೈದುನ ಇನ್ನೂ ಬರೆಯುವವನಿದ್ದಾನೆ.

2018ರ ಡಿಸೆಂಬರಿನಲ್ಲಿ 170ರ ಮೇಲೆ ಬಂತು. ಆ ಸಲದ ಖರ್ಚು ಫೀಸು ಬಿಟ್ಟರೆ ಮೂರು ಸಾವಿರವೂ ಇರಲಿಲ್ಲ, ಹಳೇ ನೋಟ್ಸ್, ಜೆರಾಕ್ಸ್ ಮತ್ತು ಬಸ್ ಚಾರ್ಜು. ಅಪ್ಪ ಏನೂ ಹೇಳಲಿಲ್ಲ, ಹೋಗಿ ಒಂದು ಕಿಲೋ ಪೇಡೆ ತಂದರು.

ಪಾಸಾದರೆ ಮುಗಿಯಲಿಲ್ಲ. ಬೆಂಗಳೂರಿನ ಕೆಎಂಸಿಯಲ್ಲಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ಪ್ರೊವಿಷನಲ್ ರಿಜಿಸ್ಟ್ರೇಷನ್, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಜಾಗ ಸಿಕ್ಕ ಆಸ್ಪತ್ರೆಯಲ್ಲಿ ನಮ್ಮಂಥವರಿಗೆ ಸ್ಟೈಪೆಂಡ್ ಇಲ್ಲ ಅಂದರು. ಇಲ್ಲೇ ಓದಿದ ಪಕ್ಕದ ಹುಡುಗನಿಗೆ ಸಿಗುತ್ತಿತ್ತು, ಡ್ಯೂಟಿ ಮಾತ್ರ ಇಬ್ಬರಿಗೂ ಒಂದೇ. ಪರ್ಮನೆಂಟ್ ನಂಬರ್ ಕೈಗೆ ಬಂದದ್ದು 2020ರಲ್ಲಿ, ಕೋವಿಡ್ ಹೊತ್ತಿಗೆ. ಅಷ್ಟು ದಿನ ನಮ್ಮನ್ನು ಫಾರಿನ್ ಡಾಕ್ಟರ್ ಅಂತ ಅಣಕಿಸುತ್ತಿದ್ದವರೇ ಕಾಂಟ್ರಾಕ್ಟ್ ಕೆಲಸಕ್ಕೆ ಫೋನ್ ಮಾಡಿ ಕರೆದರು. ಹೋಗಿ ಸೇರಿದ ಪಿಎಚ್‌ಸಿಯಲ್ಲಿ ಡಾಕ್ಟರ್ ಕುರ್ಚಿ ಒಂದೂವರೆ ವರ್ಷದಿಂದ ಖಾಲಿ ಇತ್ತು. ಮೊದಲ ದಿನವೇ ಒಪಿಡಿ 90 ದಾಟಿತು.

ಸಬ್‌ಸೆಂಟರಿನ ಸಿಸ್ಟರ್ ಈಗಲೂ ಫೋನ್ ಮಾಡುತ್ತಾರೆ. ಹೋದ ವಾರ ಹೇಳಿದ್ದು: "ನಿಮ್ಮಂಗ ಫೇಲಾದವರು ಯಾರರ ಇದ್ರ ಕಳಸ್ರಿ ಡಾಕ್ಟ್ರೇ, ರಿಜಿಸ್ಟರ್ ಭಾಳ ಉಳದಾವ."