‘ಪಿಕ್ ಅಪ್’ ಬಳಸುವ ಬಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ‘ಪಿಕ್ ಅಪ್’ ಎಂಬುದರ ಮುಂದೆ ‘ಎತ್ತಿಕೊಳ್ಳುವುದು’ ಎಂದು ಬರೆದು, ಅಡಿಗೆರೆ ಎಳೆದು, ನೋಟ್‌ಬುಕ್ ಮುಚ್ಚಿಬಿಡುತ್ತಾರೆ. ಅದು ತಪ್ಪಲ್ಲ, ಸಾಲದು ಅಷ್ಟೇ. ಇಂಗ್ಲಿಷಿನವರು ನೆಗಡಿಯನ್ನೂ ‘ಪಿಕ್ ಅಪ್’ ಮಾಡುತ್ತಾರೆ, ಭಾಷೆಯನ್ನೂ ಮಾಡುತ್ತಾರೆ. ಆದ್ದರಿಂದ ಅರ್ಥಗಳ ಪಟ್ಟಿಯನ್ನು ಉರು ಹೊಡೆಯಬೇಡಿ. ಜೊತೆಗೆ ಯಾವ ಕರ್ಮಪದ ಬಂದಿದೆ ಎಂದು ನೋಡಿ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಬಂದಿಳಿಯುವ ಅತ್ತೆಯನ್ನು ‘ಪಿಕ್ ಅಪ್’ ಮಾಡಿದರೆ, ಹೋಗಿ ಕರೆತಂದಿರಿ ಎಂದರ್ಥ. ಎಲ್ಲಿಂದ ಎಂಬುದನ್ನೂ ಹೇಳಿಬಿಡಿ. ಏಕೆಂದರೆ ಅಪರಿಚಿತರನ್ನು ಸಲುಗೆಯ ಆಸೆಯಿಂದ ಮಾತಿಗೆಳೆಯುವುದಕ್ಕೂ ಇದೇ ಮಾತಿದೆ, ಅದು ಅತ್ತೆಯ ಕಿವಿಗೆ ಬೀಳುವುದು ಬೇಡ. ಮನೆಗೆ ಬರುತ್ತಾ ಕಾಲು ಕಿಲೋ ಕುಂದಾ ‘ಪಿಕ್ ಅಪ್’ ಮಾಡಿದರೆ ದಾರಿಯಲ್ಲಿ ಕೊಂಡುಕೊಂಡಂತೆ. ಫೋನ್ ರಿಂಗಾಗುತ್ತಿದ್ದರೆ, ಕರೆ ಸ್ವೀಕರಿಸಿದಂತೆ.

ಭಾಷೆಯ ವಿಷಯದಲ್ಲಿ ಸ್ವಲ್ಪ ಜೋಪಾನ. ಕನ್ನಡದ ಮನೆಯ ಹುಡುಗ ಓಣಿಯ ಮಕ್ಕಳೊಂದಿಗೆ ಆಡುತ್ತಾ ಆಡುತ್ತಾ ಮರಾಠಿಯಲ್ಲೇ ಜಗಳವಾಡುವಷ್ಟು ಪಳಗುತ್ತಾನಲ್ಲ, ಅದಕ್ಕೆ ‘ಪಿಕ್ಟ್ ಅಪ್ ಮರಾಠಿ’ ಎನ್ನಬೇಕು. ಯಾರೂ ಕೂರಿಸಿ ಕಲಿಸಲಿಲ್ಲ, ತಾನಾಗಿ ಬಂತು. ಆದರೆ ಕಾಲೇಜಿನಲ್ಲಿ ಮೂರು ವರ್ಷ ಓದಿ ಪರೀಕ್ಷೆ ಬರೆದ ಅಕೌಂಟೆನ್ಸಿಗೆ ಈ ಮಾತನ್ನು ಸಂದರ್ಶನದಲ್ಲಿ ಬಳಸಿದರೆ, ಪಟ್ಟ ಶ್ರಮವನ್ನು ನೀವೇ ಅಗ್ಗ ಮಾಡಿದಂತೆ. ಅಲ್ಲಿ ‘ಸ್ಟಡೀಡ್’ ಎನ್ನಿ.

ಕರ್ಮಪದವೇ ಇಲ್ಲದೆಯೂ ಬರುತ್ತದೆ. ಗಣೇಶ ಚೌತಿ ಹತ್ತಿರವಾದಂತೆ ಖಡೇಬಜಾರಿನಲ್ಲಿ ವ್ಯಾಪಾರ ‘ಪಿಕ್ಸ್ ಅಪ್’, ಅಂದರೆ ಚುರುಕಾಗುತ್ತದೆ. ಗಾಳಿ ಜೋರಾಗುವುದಕ್ಕೂ ಹೀಗೆಯೇ.

ನನ್ನ ಕೆಂಪು ಪೆನ್ನಿನ ಶಾಯಿ ಹೆಚ್ಚು ಖರ್ಚಾಗುವುದು ಪದಗಳ ಕ್ರಮದ ಮೇಲೆ. ‘ಬ್ಯಾಗ್’ನಂಥ ನಾಮಪದವನ್ನು ‘ಅಪ್’ಗೆ ಮೊದಲೂ ಇಡಬಹುದು, ಆಮೇಲೂ ಇಡಬಹುದು. ‘ಮಿ’, ‘ಹರ್’, ‘ಇಟ್’ನಂಥ ಸರ್ವನಾಮಗಳಿಗೆ ಆ ಸ್ವಾತಂತ್ರ್ಯವಿಲ್ಲ, ನಡುವೆಯೇ ಕೂರಬೇಕು. ‘ಪಿಕ್ ಮಿ ಅಪ್’ ಸರಿ, ‘ಪಿಕ್ ಅಪ್ ಮಿ’ ತಪ್ಪು. ಭೂತಕಾಲದಲ್ಲಿ ‘ಪಿಕ್ಕೆಡ್’ ಎಂದು ಎಳೆಯಬೇಡಿ, ‘ಪಿಕ್ಟ್’ ಎಂದು ಗಿಡ್ಡಗೆ ಮುಗಿಸಿ. ಕ್ರಿಯಾಪದವಾಗಿದ್ದಾಗ ಒತ್ತು ‘ಅಪ್’ ಮೇಲೆ ಬೀಳುತ್ತದೆ; ಸರಕು ಸಾಗಿಸುವ ಪಿಕಪ್ ವಾಹನದ ಹೆಸರಿನಲ್ಲಾದರೆ ‘ಪಿಕ್’ ಮೇಲೆ.

ಇದು ಮಾತುಕತೆಯ ಇಂಗ್ಲಿಷ್. ಬ್ಯಾಂಕಿಗೆ ಬರೆಯುವ ಅರ್ಜಿಯಲ್ಲಿ ಪಾಸ್‌ಬುಕ್ ಪಡೆಯಲು ‘ಕಲೆಕ್ಟ್’ ಬಳಸುವುದು ಮೇಲು.

ಕೊನೆಗೆ ‘ಆನ್’ ಅಂಟಿಕೊಂಡ ರೂಪವೊಂದಿದೆ. ಬಾಯಿಬಿಟ್ಟು ಹೇಳದ್ದನ್ನು ಗ್ರಹಿಸಿದಾಗ ಅದು ಬೇಕು. ಅಲ್ಲಿ ಮೇಲಿನ ನಿಯಮ ನಡೆಯುವುದಿಲ್ಲ, ಸರ್ವನಾಮ ಕೊನೆಗೇ ಹೋಗುತ್ತದೆ: ‘ಪಿಕ್ ಅಪ್ ಆನ್ ಇಟ್’.