ಸಬ್ಸಿಗೆ ಹಾಕಿದ ಸೌತೆಮಿಡಿ ಉಪ್ಪಿನಕಾಯಿ: ನಮ್ಮತ್ತೆ ಕಲಿಸಿದ ಕ್ರಮ

ಚನ್ನರಾಯಪಟ್ಟಣದ ಕಡೆ ಮಿಡಿಸೌತೆ ಬೆಳೆಯುವವರ ಮನೆಯಲ್ಲಿ ಕಾಯಿಗೆ ಬರವಿಲ್ಲ. ಕಾಯಿ ಕೊಳ್ಳುವ ಕಂಪನಿಯವರಿಗೆ ಬೇಕಾದದ್ದು ಬೆರಳಿನಷ್ಟು ಎಳೆಕಾಯಿ, ಕೀಳೋದು ಒಂದು ದಿನ ತಡವಾದರೆ ಸಾಕು, ಊದಿಕೊಂಡು ಗ್ರೇಡು ಕೆಳಗಾಗುತ್ತದೆ, ಬೆಲೆಯೂ ಬಿದ್ದುಹೋಗುತ್ತದೆ. ಹಾಗೆ ಮನೆಗೇ ಉಳಿದ ಕಾಯಿಗೆ ನಮ್ಮತ್ತೆ ಹಿತ್ತಲಿನ ಸಬ್ಸಿಗೆ ಸೇರಿಸಿ ಉಪ್ಪುನೀರಲ್ಲಿ ಹಾಕುತ್ತಿದ್ದರು. ಜಾಡಿ ಕಟ್ಟುವ ರೀತಿಯನ್ನು ಅವರು ಕಲಿತದ್ದು ತಮ್ಮ ಅಮ್ಮ ಹಾಕುತ್ತಿದ್ದ ಮಾವಿನಮಿಡಿ ನೋಡಿ. ಈಗ ಹಾಸನದ ನಮ್ಮನೆಯಲ್ಲೂ ಅದೇ ಕ್ರಮ. ಎಣ್ಣೆ ಇಲ್ಲ, ಖಾರದಪುಡಿ ಇಲ್ಲ, ವಿನೆಗರ್ ಕೂಡ ಇಲ್ಲ. ಹುಳಿ ತಾನಾಗೇ ಬರುತ್ತದೆ, ಅದೇ ಇದರ ಸೊಗಸು.

ಒಂದು ಕೆಜಿ ಮಿಡಿಸೌತೆಗೆ ಬೇಕಾಗೋದು ಇಷ್ಟು: ಒಂದೂಕಾಲು ಲೀಟರ್ ನೀರು, 60ರಿಂದ 65 ಗ್ರಾಂ ಕಲ್ಲುಪ್ಪು, ಎರಡು ಹಿಡಿ ಸಬ್ಸಿಗೆ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದೊಂದು ಚಮಚ ಸಾಸಿವೆ ಮತ್ತು ಕಾಳುಮೆಣಸು, ನಾಲ್ಕೈದು ಹಸಿಮೆಣಸಿನಕಾಯಿ, ಮೂರ್ನಾಲ್ಕು ಸೀಬೆ ಎಲೆ. ಸೂಜಿಮೆಣಸು ಸಿಕ್ಕರೆ ಹಸಿಮೆಣಸಿನಕಾಯಿ ಬೇಡವೇ ಬೇಡ, ಅದನ್ನೇ ಹಾಕಿ.

ಉಪ್ಪನ್ನು ದಯವಿಟ್ಟು ತೂಕ ಮಾಡಿ. ಕಲ್ಲುಪ್ಪಿನ ಹರಳು ಒಂದು ಸಲ ದಪ್ಪ, ಒಂದು ಸಲ ಸಣ್ಣ, ಹಾಗಾಗಿ ಚಮಚದ ಲೆಕ್ಕ ನಂಬೋಕಾಗಲ್ಲ. ಲೀಟರಿಗೆ 50 ಗ್ರಾಂ ಅಂತ ನೆನಪಿಟ್ಟುಕೊಳ್ಳಿ. ಕಡಿಮೆಯಾದರೆ ಕಾಯಿ ಮೆತ್ತಗಾಗಿ ಕೊಳೆಯುತ್ತದೆ, ತೀರಾ ಜಾಸ್ತಿಯಾದರೆ ಹುಳಿ ಬರೋದೇ ನಿಧಾನ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಅದಕ್ಕೇ ನೀರು ಕುದಿಸಿ, ಉಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣ್ಣಗಾಗಲು ಬಿಡಿ. ಬಿಸಿ ಇರುವಾಗ ಸುರಿದರೆ ಹುಳಿ ಬರಿಸುವ ಸೂಕ್ಷ್ಮಾಣುಗಳೇ ಸತ್ತುಹೋಗುತ್ತವೆ.

ಕಾಯಿ ಅವತ್ತೇ ಕಿತ್ತದ್ದಾಗಿರಬೇಕು, ಹೆಚ್ಚೆಂದರೆ ಹಿಂದಿನ ದಿನದ್ದು. ಇಟ್ಟಷ್ಟೂ ಒಳಗೆ ಟೊಳ್ಳಾಗುತ್ತದೆ. ತಣ್ಣೀರಲ್ಲಿ ಒಂದೆರಡು ಗಂಟೆ ನೆನೆಸಿ, ಮುಳ್ಳು ಮುಳ್ಳಾದ ಸಿಪ್ಪೆಯ ಮಣ್ಣು ಹೋಗುವ ಹಾಗೆ ಕೈಯಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಪ್ರತಿ ಕಾಯಿಯ ಹೂವಿನ ತುದಿಯನ್ನು, ಅಂದರೆ ತೊಟ್ಟಿನ ಎದುರಿನ ತುದಿಯನ್ನು, ಒಂದು ಚೂರು ಕತ್ತರಿಸಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಕಾಯಿಯನ್ನು ಮೆತ್ತಗೆ ಮಾಡುವ ಎಂಜೈಮು ಇರೋದೇ ಅಲ್ಲಿ. ಸೀಬೆ ಎಲೆ ಹಾಕುವುದೂ ಗರಿಗರಿ ಉಳಿಯಲಿ ಅಂತಲೇ, ಅದರ ಒಗರಿಗೆ ಆ ಗುಣ ಇದೆ. ಸೀಬೆ ಇಲ್ಲದಿದ್ದರೆ ಮಾವಿನೆಲೆ ಆಗುತ್ತದೆ.

ಇನ್ನು ಸಬ್ಸಿಗೆ. ಸಂತೆಯಲ್ಲಿ ಸಿಗುವ ಎಳೇ ಕಟ್ಟು ಅಕ್ಕಿರೊಟ್ಟಿಗೆ ಚೆನ್ನ, ಇಲ್ಲಿಗೆ ಅದರ ಘಮ ಸಾಲದು. ಹೂ ಬಿಟ್ಟು ಬೀಜ ಕಟ್ಟುತ್ತಿರುವ ಸಬ್ಸಿಗೆ ಬೇಕು. ಸೊಪ್ಪು ಮಾರುವವರು ಅಂಥದ್ದನ್ನು ಬಲಿತಿದೆ ಅಂತ ಪಕ್ಕಕ್ಕೆ ಎಸೆದಿರುತ್ತಾರೆ, ಕೇಳಿ ತಗೊಳ್ಳಿ. ಹಿತ್ತಲಿದ್ದರೆ ನಾಲ್ಕು ಗಿಡ ಕೀಳದೆ ಬಿಟ್ಟುಬಿಡಿ. ಏನೂ ಸಿಗದಿದ್ದರೆ ಎಳೇ ಸೊಪ್ಪಿನ ಜೊತೆ ಒಂದು ಚಮಚ ಸಬ್ಸಿಗೆ ಬೀಜ ಹಾಕಿ.

ಮೂರು ಲೀಟರ್ ಹಿಡಿಯುವ ಪಿಂಗಾಣಿ ಜಾಡಿ ಅಥವಾ ಗಾಜಿನ ಬಾಟಲಿ ತೊಳೆದು ಬಿಸಿಲಿಗೆ ಒಣಗಿಸಿ. ಸ್ಟೀಲು, ಅಲ್ಯೂಮಿನಿಯಂ ಬೇಡ. ತಳಕ್ಕೆ ಎಲೆ, ಅರ್ಧ ಸಬ್ಸಿಗೆ, ಮಸಾಲೆ. ಮೇಲೆ ಕಾಯಿಗಳನ್ನು ನಿಲ್ಲಿಸಿ ಒತ್ತಾಗಿ ಜೋಡಿಸಿ, ಉಳಿದ ಸಬ್ಸಿಗೆ ಹೊದಿಸಿ, ಉಪ್ಪುನೀರು ಸುರಿಯಿರಿ. ಮೇಲೊಂದು ಸಣ್ಣ ಪಿಂಗಾಣಿ ತಟ್ಟೆ, ಅದರ ಮೇಲೆ ಕುದಿಸಿ ತೊಳೆದ ಗುಂಡುಕಲ್ಲು. ಒಂದು ಕಾಯಿಯ ತುದಿ ಕೂಡ ನೀರಿನಿಂದ ಮೇಲೆ ಕಾಣಬಾರದು. ಗಾಳಿ ತಾಗಿದ ಕಡೆಯೇ ಬೂಸ್ಟು ಬರೋದು. ಬಾಯಿಗೆ ಬಟ್ಟೆ ಕಟ್ಟಿ, ಬಿಗಿಯಾದ ಮುಚ್ಚಳ ಹಾಕಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ.

ಎರಡು ಮೂರು ದಿನಕ್ಕೆ ಬೆಳ್ಳುಳ್ಳಿ ಎಸಳಿನ ಪಕ್ಕದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ನೀರು ಕಲಗಚ್ಚಿನ ಹಾಗೆ ಮಸುಕಾಗುತ್ತದೆ. ಹಚ್ಚ ಹಸಿರು ಕಾಯಿ ಮಾಸಲು ಹಸಿರಿಗೆ ತಿರುಗುತ್ತದೆ. ಕೆಲವು ಸಲ ಬೆಳ್ಳುಳ್ಳಿ ನೀಲಿಯಾಗುವುದೂ ಉಂಟು. ಇದನ್ನೆಲ್ಲ ನೋಡಿ ಕೆಟ್ಟುಹೋಯ್ತು ಅಂತ ಚೆಲ್ಲಬೇಡಿ, ಎಲ್ಲ ಸರಿಯಾಗೇ ಇದೆ. ಮೇಲೆ ತೆಳುವಾದ ಬಿಳಿ ಪದರ ಕಂಡರೆ ಚಮಚದಲ್ಲಿ ತೆಗೆದುಹಾಕಿ. ಆದರೆ ಕಪ್ಪೋ ಹಸಿರೋ ಉಣ್ಣೆಯಂಥ ಬೂಸ್ಟು, ಕೊಳೆತ ವಾಸನೆ, ಮುಟ್ಟಿದರೆ ಲೋಳೆ, ಇವುಗಳಲ್ಲಿ ಒಂದಿದ್ದರೂ ಇಡೀ ಜಾಡಿ ಚೆಲ್ಲಿ. ಅಲ್ಲಿ ಮಾತ್ರ ಆಸೆ ಪಡಬಾರದು.

ಎಷ್ಟು ದಿನ ಅಂದರೆ ಹವೆ ಹೇಳಿದಷ್ಟು. ಮಾರ್ಚ್–ಏಪ್ರಿಲ್ ಸೆಕೆಗೆ ನಾಲ್ಕೈದು ದಿನ ಸಾಕು. ಡಿಸೆಂಬರ್ ಚಳಿಯಲ್ಲಿ, ಅದರಲ್ಲೂ ಚಿಕ್ಕಮಗಳೂರು, ಮೂಡಿಗೆರೆ ಕಡೆ, ಹತ್ತು ದಿನ ದಾಟಿ ಎರಡು ವಾರವೂ ಆಗಬಹುದು. ನಿಧಾನವಾಗಿ ಆದದ್ದೇ ಹೆಚ್ಚು ರುಚಿ ಅಂತ ನನಗನಿಸುತ್ತದೆ. ನಾಲ್ಕನೇ ದಿನದಿಂದ ಒಂದು ಕಾಯಿ ಕೊಯ್ದು ನೋಡುತ್ತಿರಿ. ನಡುವಿನ ಬಿಳಿ ಹೋಗಿ ಗಾಜಿನಂತೆ ಕಂಡರೆ, ಕಚ್ಚಿದಾಗ ಕರಕ್ ಅಂದರೆ, ಹುಳಿ ನಿಮ್ಮ ನಾಲಿಗೆಗೆ ಹಿಡಿಸಿದರೆ ಆಯ್ತು.

ಆಮೇಲೆ ಅದೇ ನೀರಿನ ಸಮೇತ ಫ್ರಿಜ್ಜಿಗೆ. ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಫ್ರಿಜ್ ಇಲ್ಲದವರು ಸ್ವಲ್ಪವೇ ಹಾಕಿ ಬೇಗ ಮುಗಿಸಿ, ಹೊರಗಿದ್ದಷ್ಟೂ ಹುಳಿ ಏರಿ ಕಾಯಿ ಮೆತ್ತಗಾಗುತ್ತದೆ. ಬಿಪಿ ಇರುವವರು ಒಂದೆರಡು ತುಂಡಿಗೆ ನಿಲ್ಲಿಸಿ. ಮೊಸರನ್ನದ ಜೊತೆ ಇದಕ್ಕಿಂತ ಬೇರೆ ಬೇಡ ಅಲ್ವಾ, ಆದರೆ ಬಿಸಿ ಅಕ್ಕಿರೊಟ್ಟಿಗೂ ಒಮ್ಮೆ ಹಚ್ಚಿಕೊಂಡು ನೋಡಿ. ಕಾಯಿ ಖಾಲಿಯಾದ ಮೇಲೆ ಉಳಿಯುವ ನೀರನ್ನು ಮೋರಿಗೆ ಸುರಿಯಬೇಡಿ, ಒಂದು ಲೋಟ ಮಜ್ಜಿಗೆಗೆ ಎರಡು ಚಮಚ ಬೆರೆಸಿ, ಬೇರೆ ಉಪ್ಪು ಬೇಡ.